ಮುಂಬಯಿಯಲ್ಲಿ ಕೂತು ಕನ್ನಡ ಕ್ರೀಡಾ ವಾಹಿನಿ ಕಟ್ಟುವ ಕೆಲಸ

ಪಂದ್ಯ ನಡೆಯುವುದು ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ. ನೋಡುವವರು ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನಲ್ಲಿ. ಆ ಚಿತ್ರಕ್ಕೆ ಕನ್ನಡದ ಮಾತು, ಕನ್ನಡದ ಅಕ್ಷರ, ಕನ್ನಡದ ಜಾಹೀರಾತು ಕೂಡುವುದು ಮಾತ್ರ ಬಹುಮಟ್ಟಿಗೆ ಮುಂಬಯಿಯಲ್ಲಿ. ಪ್ರಸಾರದ ಕಂಟ್ರೋಲ್ ರೂಮುಗಳು, ಗ್ರಾಫಿಕ್ಸ್ ತಂಡಗಳು, ಜಾಹೀರಾತು ಮಾರುವ ಕಚೇರಿಗಳು ಹೆಚ್ಚಾಗಿ ಲೋವರ್ ಪರೇಲ್, ಅಂಧೇರಿ, ಮಲಾಡ್ ಸುತ್ತ ಬೆಳೆದಿವೆ. 2018ರಲ್ಲಿ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಬಂದ ಮೇಲೆ ಕನ್ನಡಕ್ಕೆ ಇಡೀ ದಿನದ ಕ್ರೀಡಾ ವಾಹಿನಿ ನಡೆಯುತ್ತದೆಯೇ ಎಂಬ ಪ್ರಶ್ನೆ ಉಳಿಯಲಿಲ್ಲ. ಹೇಗೆ ಚೆನ್ನಾಗಿ ನಡೆಸುವುದು ಎಂಬುದು ಉಳಿಯಿತು. ಇಂಗ್ಲಿಷಿಗೆಂದು ಎಲ್ಲ ಕಟ್ಟಿ ಮುಗಿಸಿ, ಆಮೇಲೆ ಕನ್ನಡದ ದನಿ ಸೇರಿಸಿದರಾಯಿತು ಎಂದು ಹೊರಟರೆ ಹೆಜ್ಜೆಹೆಜ್ಜೆಗೂ ಎಡವುತ್ತೇವೆ. ಆಡಿಯೋ ಚಾನೆಲ್ ಹಂಚುವ ದಿನ, ಸ್ಕೋರ್ ಪಟ್ಟಿಯ ಎತ್ತರ ಗೊತ್ತುಮಾಡುವ ದಿನ ಕನ್ನಡ ಬಲ್ಲವರೊಬ್ಬರು ಆ ಕೋಣೆಯಲ್ಲಿ ಇರಲೇಬೇಕು. ಹಾಗೆ ಇದ್ದು ಮಾಡಿದ ಕೆಲಸದ ವಿವರ ಇಲ್ಲಿದೆ.

ಮೊದಲು ತೀರ್ಮಾನ ಆಗಬೇಕಾದದ್ದು: ಇರುವ ವಾಹಿನಿಯಲ್ಲೇ ಎರಡನೇ ಆಡಿಯೋ ಆಗಿ ಕನ್ನಡ ಕೊಡುವುದೋ, ಬೇರೆ ವಾಹಿನಿಯನ್ನೇ ತೆರೆಯುವುದೋ. ಮೊದಲನೆಯದು ಅಗ್ಗ. ರಿಮೋಟಿನ ಭಾಷೆಯ ಗುಂಡಿ ಒತ್ತಿದರೆ ಕನ್ನಡ ಕೇಳುತ್ತದೆ ಎಂಬುದು ಲೆಕ್ಕ. ಆದರೆ ವಾಹಿನಿಗಳನ್ನು ಹಿಡಿದು ಮನೆಮನೆಗೆ ಹಂಚುವ ಎಷ್ಟೋ ಕೇಬಲ್ ಹೆಡ್‌ಎಂಡ್‌ಗಳು ಎರಡನೇ ಆಡಿಯೋವನ್ನು ಮುಂದಕ್ಕೆ ಬಿಡುವುದೇ ಇಲ್ಲ. ಬಿಟ್ಟರೂ, ಮನೆಯಲ್ಲಿ ಆ ಗುಂಡಿ ಎಲ್ಲಿದೆ ಎಂದು ಹುಡುಕುವವರು ಕಡಿಮೆ. ಅಕ್ಷರಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ, ದಾವಣಗೆರೆಯ ಬಟ್ಟೆ ಅಂಗಡಿಯ ಜಾಹೀರಾತನ್ನು ಬೇರೆಯಾಗಿ ಮಾರಲೂ ಬರುವುದಿಲ್ಲ. ನಿಜವಾಗಿ ಪ್ರಾದೇಶಿಕ ವಾಹಿನಿ ಬೇಕೆಂದರೆ ಬೇರೆ ಪ್ಲೇಔಟ್ (ಕಾರ್ಯಕ್ರಮ, ಜಾಹೀರಾತುಗಳನ್ನು ಸರದಿಯಂತೆ ಪ್ರಸಾರಕ್ಕೆ ಬಿಡುವ ವ್ಯವಸ್ಥೆ), ಬೇರೆ ಚಾನೆಲ್ ಸಂಖ್ಯೆ, ಎಷ್ಟು ಜನ ನೋಡುತ್ತಾರೆಂದು ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ಬೇರೆ ಅಳತೆ ಬೇಕೇ ಬೇಕು.

ಅನುಮತಿಯ ಕಾಗದ ಪತ್ರ ಜನ ಹೆದರುವಷ್ಟು ಕಷ್ಟವಲ್ಲ. ಮಾಹಿತಿ ಮತ್ತು ಪ್ರಸಾರ ಸಚಿವಾಲಯದ 2022ರ ನವೆಂಬರ್ ಮಾರ್ಗಸೂಚಿಯಂತೆ ಸುದ್ದಿಯಲ್ಲದ ಮೊದಲ ವಾಹಿನಿಗೆ ಕಂಪನಿಯ ನಿವ್ವಳ ಮೌಲ್ಯ 5 ಕೋಟಿ ರೂಪಾಯಿ, ಮುಂದಿನ ಪ್ರತಿಯೊಂದಕ್ಕೆ 2.5 ಕೋಟಿ ಇರಬೇಕು. ಅರ್ಜಿ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲಿನಲ್ಲಿ. ಗೃಹ ಸಚಿವಾಲಯದ ಭದ್ರತಾ ಒಪ್ಪಿಗೆಗೆ ಹಿಡಿಯುವ ಸಮಯವನ್ನು ಯೋಜನೆಯಲ್ಲಿ ಧಾರಾಳವಾಗಿ ಇಟ್ಟುಕೊಳ್ಳಬೇಕು. ಈಗಾಗಲೇ ಅನುಮತಿ ಪಡೆದ ವಾಹಿನಿಯ ಭಾಷೆ ಬದಲಿಸುವುದಾದರೆ ಹೊಸ ಅನುಮತಿ ಬೇಡ, ಮುಂಚಿತವಾಗಿ ತಿಳಿಸಿದರೆ ಸಾಕು. ನೇರ ಪ್ರಸಾರಕ್ಕೆ ಮೊದಲಿನಂತೆ ಅನುಮತಿ ಕೇಳುವುದೂ ತಪ್ಪಿದೆ, ಕಾರ್ಯಕ್ರಮವನ್ನು ಮೊದಲೇ ನೋಂದಾಯಿಸಿದರೆ ಆಯಿತು. ಹಕ್ಕಿನ ಒಪ್ಪಂದವನ್ನು ಮಾತ್ರ ಸಾಲುಸಾಲಾಗಿ ಓದಬೇಕು. ಹಕ್ಕನ್ನು ಭಾಷೆ, ಪ್ರದೇಶ, ಟಿವಿ, ಮೊಬೈಲ್ ಎಂದು ತುಂಡುಮಾಡಿ ಮಾರುತ್ತಾರೆ. ನೇರ ಪ್ರಸಾರಕ್ಕೆ ಹಣ ಕೊಟ್ಟು, ಮರುಪ್ರಸಾರ ಎಷ್ಟು ಸಲ, ಮುಖ್ಯಾಂಶ ಎಷ್ಟು ದಿನ ಎಂಬುದನ್ನು ಬರೆಸಿಕೊಳ್ಳದೆ ಬಿಟ್ಟರೆ ದಿನದ ಉಳಿದ 20 ಗಂಟೆ ತುಂಬಿಸಲು ಕೈಯಲ್ಲಿ ಏನೂ ಇರುವುದಿಲ್ಲ. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯವಾದರೆ 2007ರ ಕಾಯ್ದೆಯಂತೆ ಜಾಹೀರಾತಿಲ್ಲದ ಸಿಗ್ನಲನ್ನು ಪ್ರಸಾರ ಭಾರತಿಗೂ ಕೊಡಬೇಕು. ಅದು ಡಿಡಿ ಫ್ರೀ ಡಿಶ್‌ನಲ್ಲಿ ಪುಕ್ಕಟೆ ಸಿಗುತ್ತದೆ ಎಂಬುದನ್ನು ಜಾಹೀರಾತು ದರ ಇಡುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ತಂತಿಯ ಕೆಲಸ. ಮೈದಾನದಿಂದ ಎಲ್ಲ ವಾಹಿನಿಗಳಿಗೂ ಒಂದೇ ಆಗಿ ಬರುವ ಚಿತ್ರ, ಅಂದರೆ ವರ್ಲ್ಡ್ ಫೀಡ್, ಎಚ್‌ಡಿಯಲ್ಲಿ, ಸೆಕೆಂಡಿಗೆ 25 ಫ್ರೇಮಿನಂತೆ ಇರುತ್ತದೆ. ಆ ಒಂದು ತಂತಿಯೊಳಗೇ 16 ಆಡಿಯೋ ಚಾನೆಲ್‌ಗೆ ಜಾಗವಿದೆ. ಸಾಮಾನ್ಯವಾಗಿ 1-2ರಲ್ಲಿ ಇಂಗ್ಲಿಷ್ ಕಾಮೆಂಟರಿ ಕೂಡಿದ ಮಿಶ್ರಣ, 3-4ರಲ್ಲಿ ಮಾತಿಲ್ಲದ ಮೈದಾನದ ಸದ್ದು. ನಮಗೆ ಬೇಕಾದದ್ದು 3-4ರ ಮೈದಾನದ ಸದ್ದು. ಅದು ಬರುತ್ತದೆಂದು ನಂಬಿ ಕೂರದೆ, ಪಂದ್ಯಕ್ಕೆ ಕನಿಷ್ಠ ಮೂರು ಗಂಟೆ ಮೊದಲು ಹಂಚಿಕೆಯ ಪಟ್ಟಿ ತರಿಸಿಕೊಂಡು, ಒಂದೊಂದೇ ಚಾನೆಲನ್ನು ಕಿವಿಯಿಂದಲೇ ಕೇಳಿ ಗುರುತು ಹಾಕಬೇಕು. ಮೀಟರ್ ಕುಣಿಯುತ್ತಿದೆ ಎಂದರೆ ಸದ್ದು ಇದೆ ಎಂದಷ್ಟೇ ಅರ್ಥ, ಸರಿಯಾದ ಸದ್ದು ಇದೆ ಎಂದಲ್ಲ. ಮೈದಾನದ ಸದ್ದಿನ ಚಾನೆಲ್ಲಿನಲ್ಲಿ ಅಂಪೈರ್ ಮೈಕು, ಸ್ಟಂಪ್ ಮೈಕು ಸೇರಿದೆಯೇ ಎಂದೂ ಕೇಳಬೇಕು. ಸೇರಿರದಿದ್ದರೆ ಕನ್ನಡದಲ್ಲಿ ನೋಡುವವರಿಗೆ ಬ್ಯಾಟಿಗೆ ಚೆಂಡು ತಾಗಿದ ಸದ್ದೇ ಇರುವುದಿಲ್ಲ, ಏನು ಕಡಿಮೆಯಾಗಿದೆ ಎಂದು ಹೇಳಲಾಗದೆ ಅವರು ಬೇರೆ ಚಾನೆಲ್ಲಿಗೆ ಹೋಗುತ್ತಾರೆ.

ಕಾಮೆಂಟರಿ ಬೂತ್ ಇಬ್ಬರಿಗಾದರೆ ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ಉದ್ದ ಸಾಕು. ಅಂಕಿಅಂಶದವರಿಗೆ ಮೂರನೆಯ ಕುರ್ಚಿ ಹಿಡಿಸುತ್ತದೆ. ಗೋಡೆಗೆ ಸದ್ದು ಹೀರುವ ರಾಕ್‌ವೂಲ್, ಎರಡು ಬಾಗಿಲು, ಕಿಟಕಿಗೆ ಬೇರೆಬೇರೆ ದಪ್ಪದ ಎರಡು ಗಾಜು. ಒಂದೇ ದಪ್ಪದ್ದಾದರೆ ಎರಡೂ ಒಂದೇ ಕಂಪನಕ್ಕೆ ಅದುರಿ ಸದ್ದನ್ನು ಒಳಗೆ ಬಿಡುತ್ತವೆ. ಅಂಧೇರಿಯ ರಸ್ತೆಯ ಹಾರ್ನನ್ನು ಇಷ್ಟು ತಡೆಯುತ್ತದೆ. ಗಣೇಶೋತ್ಸವದ ಢೋಲ್ ತಾಷಾ ಬೇರೆ ಮಾತು. ಆ ತಗ್ಗಿನ ಸದ್ದು ಬಾಗಿಲಿನಿಂದ ಬರುವುದಿಲ್ಲ, ಕಟ್ಟಡದ ಕಂಬ ಮತ್ತು ನೆಲದಿಂದ ಬರುತ್ತದೆ. ಬೂತಿನ ನೆಲವನ್ನು ರಬ್ಬರ್ ಬುಡಗಳ ಮೇಲೆ ಎತ್ತಿ, ಗೋಡೆ ಕಟ್ಟಡದ ಗೋಡೆಗೆ ತಾಗದಂತೆ ಕಟ್ಟಿದರೆ ಮಾತ್ರ ಅದು ತಗ್ಗುತ್ತದೆ. ಕಟ್ಟುವಾಗಲೇ ಮಾಡಬೇಕಾದ ಕೆಲಸ, ಆಮೇಲೆ ಆಗದು. ಹೆಡ್‌ಸೆಟ್ ಮೈಕು ಡೈನಾಮಿಕ್ ಇರಲಿ, 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಎಸಿಯ ಗಾಳಿ ದೊಡ್ಡ ಬಾಯಿಯ ಡಕ್ಟಿನಿಂದ ನಿಧಾನವಾಗಿ ಬರಬೇಕು.

ಬೂತಿನೊಳಗಿನ ಪರದೆಗಳ ವಿಷಯದಲ್ಲಿ ಉಳಿತಾಯ ಮಾಡಬಾರದು. ಅಂಗಡಿಯಲ್ಲಿ ಸಿಗುವ ಮನೆಯ ಟಿವಿ ಚಿತ್ರವನ್ನು ಚಂದ ಮಾಡುವುದಕ್ಕೆಂದು 50ರಿಂದ 100 ಮಿಲಿಸೆಕೆಂಡು ತಡೆಹಿಡಿಯುತ್ತದೆ. ಕಿವಿಗೆ ಜನರ ಕೂಗು ಮೊದಲು ಬಿದ್ದು, ಚಿತ್ರ ಆಮೇಲೆ ಬಂದರೆ ಕಾಮೆಂಟೇಟರ್ ಚೆಂಡನ್ನು ನೋಡಿ ಮಾತಾಡುವುದಿಲ್ಲ, ಕೂಗನ್ನು ಕೇಳಿ ಮಾತಾಡುತ್ತಾನೆ. ಅವನ ದನಿಯಲ್ಲಿ ಬೆರಗು ಹೋಗಿಬಿಡುತ್ತದೆ. ಆದ್ದರಿಂದ ಪ್ರಸಾರಕ್ಕೆಂದೇ ಮಾಡಿದ ಮಾನಿಟರ್ ಇಡಿ, ಸಾಧ್ಯವಾಗದಿದ್ದರೆ ಗೇಮ್ ಮೋಡ್ ಹಾಕಿ. ಚಿತ್ರ ಮತ್ತು ಮೈದಾನದ ಸದ್ದು ಎರಡನ್ನೂ, ಹೊರಗಿನ ಚಿತ್ರವನ್ನು ನಮ್ಮ ಗಡಿಯಾರಕ್ಕೆ ಹೊಂದಿಸುವ ಫ್ರೇಮ್ ಸಿಂಕ್ರೊನೈಸರ್ ದಾಟಿದ ಮೇಲಿನ ಒಂದೇ ಜಾಗದಿಂದ ತೆಗೆದುಕೊಳ್ಳಿ. ಮುಖ್ಯ ಪರದೆಯಲ್ಲಿ ಪಂದ್ಯ, ಪಕ್ಕದಲ್ಲಿ ನಮ್ಮ ಕನ್ನಡ ಗ್ರಾಫಿಕ್ಸ್ ಕೂಡಿದ ಚಿತ್ರ, ಮೂರನೆಯದರಲ್ಲಿ ಸ್ಕೋರ್‌ಕಾರ್ಡ್. ಮನೆಯ ಡಿಶ್‌ನಿಂದ ಬರುವ ಚಿತ್ರವನ್ನು ಬೂತಿನಲ್ಲಿ ಇಡಲೇಬೇಡಿ. ಅದು ಕೆಲವು ಸೆಕೆಂಡು ಹಿಂದಿರುತ್ತದೆ, ಕಣ್ಣು ತಪ್ಪಿ ಅತ್ತ ಹೋದರೆ ಮುಗಿದ ಎಸೆತವನ್ನೇ ಮತ್ತೆ ವಿವರಿಸುತ್ತಾರೆ. ಅದರ ಜಾಗ ಎಂಸಿಆರ್, ಅಂದರೆ ಪ್ರಸಾರದ ಮುಖ್ಯ ಕಂಟ್ರೋಲ್ ರೂಮು.

ಕಿವಿಯ ವ್ಯವಸ್ಥೆ ಹೀಗೆ: ಒಂದು ಕಿವಿಗೆ ಪ್ರೊಡ್ಯೂಸರ್ ಮಾತು, ಇನ್ನೊಂದಕ್ಕೆ ಮೈದಾನದ ಸದ್ದು ಮತ್ತು ಜೊತೆಗಾರನ ಮಾತು. ತನ್ನದೇ ದನಿ ಸುತ್ತಿಬಳಸಿ ತಡವಾಗಿ ಮರಳಿ ಬರಬಾರದು. ಅದನ್ನು ಕಳೆದು ಕೊಡುವ ಮಿಶ್ರಣಕ್ಕೆ ಮಿಕ್ಸ್ ಮೈನಸ್ ಎನ್ನುತ್ತಾರೆ. ಇದನ್ನು ತಪ್ಪಾಗಿ ಜೋಡಿಸಿದ ಬೂತಿನಲ್ಲಿ ಎಂಥ ಮಾತುಗಾರನೂ ತೊದಲುತ್ತಾನೆ, ನಿಧಾನವಾಗುತ್ತಾನೆ. ಮಾತುಗಾರ ಸರಿಯಿಲ್ಲ ಎಂದು ತೀರ್ಮಾನಿಸುವ ಮುಂಚೆ ಕಿವಿಗೆ ಏನು ಹೋಗುತ್ತಿದೆ ಎಂದು ನೋಡಬೇಕು. ಪ್ರತಿ ಕುರ್ಚಿಗೂ ಕೆಮ್ಮಿನ ಗುಂಡಿ, ಪ್ರೊಡ್ಯೂಸರ್ ಜೊತೆ ಮಾತಾಡುವ ಗುಂಡಿ ಬೇರೆಬೇರೆ. ಎರಡನ್ನೂ ಪಕ್ಕಪಕ್ಕದಲ್ಲಿ ಒಂದೇ ಆಕಾರದಲ್ಲಿ ಇಟ್ಟರೆ, ಒಳಗೆ ಹೇಳಬೇಕಾದ ಮಾತು ಎಂದಾದರೊಂದು ದಿನ ಪ್ರಸಾರಕ್ಕೆ ಹೋಗುತ್ತದೆ.

ಕಾಮೆಂಟೇಟರ್ ಮೈದಾನದಲ್ಲೇ ಕೂತಾಗ ತೊಂದರೆ ತಲೆಕೆಳಗಾಗುತ್ತದೆ. ಚಿತ್ರ ಎನ್‌ಕೋಡರ್, ಉಪಗ್ರಹ, ಡಿಕೋಡರ್ ದಾಟಿ ಮುಂಬಯಿಗೆ ಬರುವಷ್ಟರಲ್ಲಿ ಒಂದೆರಡು ಸೆಕೆಂಡು ಕಳೆದಿರುತ್ತದೆ. ಭೂಮಿಯಿಂದ 35,786 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಬರುವುದಕ್ಕೇ ಕಾಲು ಸೆಕೆಂಡು ಬೇಕು. ಅವನ ದನಿಯೋ ಇಂಟರ್ನೆಟ್ ಲೈನಿನಲ್ಲಿ ಅದಕ್ಕಿಂತ ಎಷ್ಟೋ ಮೊದಲು ಬಂದಿರುತ್ತದೆ. ಬೌಲರ್ ಓಡುತ್ತಿರುವಾಗಲೇ ಮನೆಯಲ್ಲಿ ‘ಸಿಕ್ಸರ್’ ಎಂದು ಕೇಳಿದರೆ ಆ ವಾಹಿನಿಯನ್ನು ಯಾರು ನೋಡುತ್ತಾರೆ? ದನಿಯನ್ನು ಅಷ್ಟೇ ಹೊತ್ತು ತಡೆಹಿಡಿಯಬೇಕು. ಮೈದಾನದ ತುದಿಯಿಂದ ಬೆಳಕಿನ ಒಂದು ಮಿಂಚು, ಜೊತೆಗೇ ಒಂದು ಬೀಪ್ ಕಳಿಸಿ ಇಲ್ಲಿ ಅಳೆಯುವುದು ನಂಬಬಹುದಾದ ದಾರಿ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಒಪ್ಪಿದ ಮಿತಿ ಇದು: ಸದ್ದು ಚಿತ್ರಕ್ಕಿಂತ 40 ಮಿಲಿಸೆಕೆಂಡಿಗಿಂತ ಮುಂದಾಗಬಾರದು, 60ಕ್ಕಿಂತ ಹಿಂದಾಗಬಾರದು. 40 ಎಂದರೆ ಸರಿಯಾಗಿ ಒಂದು ಫ್ರೇಮ್. ಬೆಳಗ್ಗೆ ಹೊಂದಿಸಿದ್ದು ರಾತ್ರಿಗೆ ಹಾಗೇ ಇರುತ್ತದೆಂದು ತಿಳಿಯಬೇಡಿ. ನಡುವೆ ಯಾರಾದರೂ ಬ್ಯಾಕಪ್ ಲೈನಿಗೆ ಬದಲಿಸಿದರೆ ಅದರ ವಿಳಂಬ ಬೇರೆ. ಎರಡೂ ಲೈನಿನ ಅಂಕಿಯನ್ನು ಕಾಗದದಲ್ಲಿ ಬರೆದು ಮಿಕ್ಸರ್ ಮೇಲೆ ಅಂಟಿಸಬೇಕು.

ಜನ ಸಿಗುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ವಿಜಯ್ ಭಾರದ್ವಾಜ್ ಅವರಂಥ ಮಾಜಿ ಆಟಗಾರರು ಕನ್ನಡ ಕಾಮೆಂಟರಿಗೆ ಬಂದದ್ದರಿಂದ ಆಟದ ಒಳಗಿನ ತಿಳಿವಳಿಕೆ ಬಂತು. ಆದರೆ ಬೆಂಗಳೂರಿನಿಂದ ಬರುವವರ ಮೇಲೇ ಪೂರ್ತಿ ನಿಂತರೆ ಜುಲೈ ಮಳೆಯಲ್ಲಿ ವಿಮಾನ ತಡವಾದ ದಿನ ಬೂತು ಖಾಲಿ. ಆದ್ದರಿಂದ ಮುಂಬಯಿಯಲ್ಲೇ ಇರುವ ಕನ್ನಡಿಗರ ಒಂದು ಪಡೆ ಬೇಕು, ಅದಕ್ಕೆ ಈ ಊರಿನಲ್ಲಿ ಬರವಿಲ್ಲ. ಮಾಟುಂಗದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್ ಸುತ್ತಮುತ್ತ ನಾಟಕ ಮಾಡಿ ದನಿ ಪಳಗಿದವರಿದ್ದಾರೆ. ಡೊಂಬಿವಲಿ, ಕುರ್ಲಾ, ಸಾಂತಾಕ್ರೂಜ್ ಕಡೆ ಕ್ಲಬ್ ಕ್ರಿಕೆಟ್, ಕಬಡ್ಡಿ ಆಡಿದ ಕರಾವಳಿ ಮೂಲದ ಹುಡುಗರಿದ್ದಾರೆ. ಪರೀಕ್ಷೆ ಸರಳ: ಮೈದಾನದ ಸದ್ದು ಮಾತ್ರ ಇರುವ ಎರಡು ಓವರ್ ಕೊಟ್ಟು ರೆಕಾರ್ಡ್ ಮಾಡುವುದು. ಚೆಂಡು ಬ್ಯಾಟಿನಿಂದ ಹೊರಟ ಮೇಲೆ ಮೊದಲು ಯಾವ ಮಾತು ಬಂತು, ಓವರ್ ಮುಗಿದಾಗ ಸ್ಕೋರ್ ಹೇಳಿದರೋ ಇಲ್ಲವೋ, ಸುಮ್ಮನಿರಬೇಕಾದ ಕಡೆ ಸುಮ್ಮನಿದ್ದರೋ, ಕಿವಿಯಲ್ಲಿ ಹತ್ತರಿಂದ ಸೊನ್ನೆಗೆ ಎಣಿಸುತ್ತಿದ್ದಾಗ ವಾಕ್ಯವನ್ನು ಸೊನ್ನೆಗೆ ಸರಿಯಾಗಿ ಮುಗಿಸಿದರೋ. ನಾಲ್ಕನೆಯದರಲ್ಲಿ ಒಳ್ಳೊಳ್ಳೆಯ ಮಾತುಗಾರರು ಬೀಳುತ್ತಾರೆ, ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ ಅದು. ಒಂದು ಟಿ20 ಪಂದ್ಯಕ್ಕೆ ನಾಲ್ಕು ಜನ ಕಾಮೆಂಟೇಟರ್‌ಗಳು ಬೇಕು, ಇಬ್ಬಿಬ್ಬರಂತೆ ಸುಮಾರು ಅರ್ಧ ಗಂಟೆಯ ಸರದಿ. ಅದಕ್ಕಿಂತ ಹೆಚ್ಚಾದರೆ ದನಿ ಬಳಲುವುದು ಆಮೇಲೆ, ಕಣ್ಣು ಮೊದಲು ಬಳಲುತ್ತದೆ.

ಭಾಷೆಯ ಕೈಪಿಡಿ ನಾಲ್ಕೈದು ಪುಟ ಇದ್ದರೆ ಸಾಕು, ಆದರೆ ಇರಲೇಬೇಕು. ಆಟಗಾರರಿಗೆ ಬಹುವಚನ: ಹೊಡೆದರು, ಔಟಾದರು. ಪತ್ರಿಕೆಯಲ್ಲಿ ಓದುವ ‘ಹುದ್ದರಿ’ ಬಾಯಿಯಲ್ಲಿ ಬೇಡ, ಜನ ವಿಕೆಟ್ ಎನ್ನುತ್ತಾರೆ. ಡೀಪ್ ಮಿಡ್‌ವಿಕೆಟ್, ಶಾರ್ಟ್ ಥರ್ಡ್ ಇದ್ದಂತೆಯೇ ಇರಲಿ. ಎಸೆತ, ಚೆಂಡು, ಓಟ, ಹಿಡಿತ ತಾವಾಗಿ ಬರುವಂಥವು, ಬರಲಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪೂರ್ತಿ ವಾಕ್ಯ ಕಟ್ಟಲು ಹೊರಟರೆ ಚೆಂಡು ಬೌಂಡರಿ ದಾಟಿದ ಮೇಲೂ ಮಾತು ಮುಗಿದಿರುವುದಿಲ್ಲ. ಆಟ ನಡೆಯುವಾಗ ಹೆಸರು, ದಿಕ್ಕು, ಫಲ ಇಷ್ಟೇ: ‘ರಾಹುಲ್... ಕವರ್ಸ್ ಮೇಲಿಂದ... ನಾಲ್ಕು!’ ಕ್ರಿಯಾಪದವೆಲ್ಲ ರೀಪ್ಲೇಗೆ. ಧಾರವಾಡದ ಎಳೆತ, ಕರಾವಳಿಯ ಸ್ಪಷ್ಟತೆ, ಮೈಸೂರಿನ ನಯ ಎಲ್ಲವೂ ಒಂದೇ ಬೂತಿನಲ್ಲಿ ಇರಲಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಎಲ್ಲರನ್ನೂ ಒಂದೇ ಬೆಂಗಳೂರು ದನಿಗೆ ಇಳಿಸಿದ ವಾಹಿನಿ ಅರ್ಧ ರಾಜ್ಯಕ್ಕೆ ಪರಕೀಯವಾಗುತ್ತದೆ.

ಗ್ರಾಫಿಕ್ಸ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಕನ್ನಡ ವಾಹಿನಿಗಳು ಹೆಚ್ಚು ನಗೆಪಾಟಲಾಗುವುದು ಇಲ್ಲಿಯೇ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಗ್ರಾಫಿಕ್ಸ್ ಎಂಜಿನಿಗೆ ಹಾಕಿದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ. ಯೂನಿಕೋಡಿನಲ್ಲೇ ಹಾಕಿದರೂ, ಎಂಜಿನಿನ ಆ ಆವೃತ್ತಿಗೆ ಭಾರತೀಯ ಲಿಪಿಗಳ ಅಕ್ಷರ ಜೋಡಣೆ ಬಾರದಿದ್ದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ನಿಲ್ಲುತ್ತದೆ, ಅರ್ಕಾವತ್ತು ತನ್ನ ಜಾಗ ಬಿಡುತ್ತದೆ. ಕೊಳ್ಳುವ ಮುಂಚೆ ಪರೀಕ್ಷೆಗೆ ಒಂದು ಸಾಲು ಇಟ್ಟುಕೊಂಡಿರಿ: ‘ಸ್ಟ್ರೈಕ್ ರೇಟ್, ಪ್ರಸಿದ್ಧ್ ಕೃಷ್ಣ, ಅರ್ಷ್‌ದೀಪ್, ವಿಜಯ್‌ಕುಮಾರ್, ಎಕ್ಸ್‌ಟ್ರಾ, ಶ್ರೇಯಸ್, ಕಾರ್ತಿಕ್’. ಮೂರು ವ್ಯಂಜನ ಕೂಡಿದ ಒತ್ತು, ಅರ್ಕಾವತ್ತು, ವಟ್ರಸುಳಿ, ಒತ್ತಾಗಬಾರದ ಅರ್ಧಾಕ್ಷರ ಎಲ್ಲವೂ ಅದರಲ್ಲಿವೆ. ಮಾರುವವರು ತೋರಿಸುವ ‘ನಮಸ್ಕಾರ’ ಒಂದನ್ನೇ ನೋಡಿ ಒಪ್ಪಬೇಡಿ.

ಈ ಅರ್ಧಾಕ್ಷರದ ಗೋಳು ಬಿಡಿಸಿ ಹೇಳುವಂಥದ್ದು. ವಿಜಯ್ ಮತ್ತು ಕುಮಾರ್ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ, ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಅದಿದ್ದರೆ ‘ವಿಜಯ್‌ಕುಮಾರ್’, ಇಲ್ಲದಿದ್ದರೆ ‘ವಿಜಯ್ಕುಮಾರ್’. ಹೆಸರಿನ ಪಟ್ಟಿ ಎಕ್ಸೆಲ್ಲಿನಿಂದ ಡೇಟಾಬೇಸಿಗೆ, ಅಲ್ಲಿಂದ ಗ್ರಾಫಿಕ್ಸಿಗೆ ಹೋಗುವ ದಾರಿಯಲ್ಲಿ ‘ಅನಗತ್ಯ ಅಕ್ಷರ’ ತೆಗೆಯುವ ಯಾವುದೋ ಸ್ಕ್ರಿಪ್ಟ್ ಅದನ್ನು ಒರೆಸಿಹಾಕುತ್ತದೆ. ಬರೆದವರಿಗೆ ಕನ್ನಡ ಗೊತ್ತಿರುವುದಿಲ್ಲ, ತಪ್ಪು ಕಾಣುವುದೂ ಇಲ್ಲ. ಹೆಸರುಗಳನ್ನು ಎಕ್ಸೆಲ್ಲಿನಲ್ಲಿ ನೋಡಿ ಒಪ್ಪದೆ, ಕೊನೆಯ ತೆರೆಯ ಮೇಲೆ ನೋಡಿಯೇ ಒಪ್ಪಬೇಕು.

ಸ್ಕೋರ್ ಪಟ್ಟಿಯ ವಿನ್ಯಾಸ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮಾಡಿದ್ದು. ಅದಕ್ಕೆ ಗೆರೆಯ ಕೆಳಗೆ ಜಾಗವೇ ಬೇಡ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ಅಕ್ಷರದ ಅಳತೆಯ ಒಂದೂಮುಕ್ಕಾಲು ಪಟ್ಟು ಎತ್ತರದ ಪೆಟ್ಟಿಗೆ ಕೊಡದಿದ್ದರೆ ‘ಸ್ಟ್ರೈಕ್’ನ ಬುಡ ಕತ್ತರಿಸಿಹೋಗುತ್ತದೆ. ತಂಡದ ಮೂರಕ್ಷರದ ಸಂಕೇತಕ್ಕೆ ಮಾಡಿದ ಚೌಕದಲ್ಲಿ ‘ಆರ್‌ಸಿಬಿ’ ಹೇಗೋ ಕೂರುತ್ತದೆ, ‘ಎಸ್‌ಆರ್‌ಎಚ್’ ಕೂರುವುದಿಲ್ಲ. ಅತಿ ಉದ್ದದ್ದನ್ನು ಹಿಡಿದೇ ಚೌಕದ ಅಗಲ ನಿಗದಿಮಾಡಬೇಕು. ತೆಳ್ಳನೆಯ ಫಾಂಟು ಎಚ್‌ಡಿಯಲ್ಲಿ ಸೊಗಸು, ಎಸ್‌ಡಿಗೆ ಇಳಿದಾಗ ಅಡ್ಡಗೆರೆಗಳು ಮಿಣಮಿಣ ಎನ್ನುತ್ತವೆ. ಎಚ್‌ಡಿಯ 1080 ಸಾಲು ಎಸ್‌ಡಿಯಲ್ಲಿ 576 ಆಗುವುದರಿಂದ ಯಾವ ಅಡ್ಡಗೆರೆಯೂ ಎಚ್‌ಡಿಯಲ್ಲಿ 4 ಪಿಕ್ಸೆಲ್‌ಗಿಂತ ಸಣ್ಣದಿರಬಾರದು. ಅಂಕಿಗಳು 0-9 ಇರಲಿ. ಕನ್ನಡ ಅಂಕಿಗಳ ಮೇಲಿನ ಪ್ರೀತಿ ನಮಗೂ ಕಡಿಮೆಯಿಲ್ಲ, ಆದರೆ ಹಳೆಯ ಎಸ್‌ಡಿ ಟಿವಿಯಲ್ಲಿ ಮೂರು ಮೀಟರ್ ದೂರದಿಂದ ೬ ಮತ್ತು ೯ ಬೇರೆ ಮಾಡಲಾಗುವುದಿಲ್ಲ. ಕೈಯಲ್ಲಿ ಬರೆದಂಥ ಶೀರ್ಷಿಕೆ, ವಿಶೇಷ ಕಾರ್ಯಕ್ರಮಗಳಲ್ಲಿ ಅವನ್ನು ಧಾರಾಳವಾಗಿ ಬಳಸಬಹುದು.

ಸ್ಕೋರಿನ ಡೇಟಾ ಎಸೆತ ಎಸೆತಕ್ಕೂ ಬರುತ್ತದೆ, ಇಂಗ್ಲಿಷ್ ಹೆಸರು ಮತ್ತು ಆಟಗಾರನ ಐಡಿ ಸಂಖ್ಯೆಯೊಡನೆ. ಕನ್ನಡ ಹೆಸರನ್ನು ಐಡಿಗೆ ಜೋಡಿಸಬೇಕು, ಇಂಗ್ಲಿಷ್ ಹೆಸರಿಗಲ್ಲ. ಒಂದೇ ಹೆಸರಿನ ಇಬ್ಬರು ಒಂದೇ ಪಂದ್ಯದಲ್ಲಿ ಆಡುವುದು ಅಪರೂಪವೇನಲ್ಲ. ಐಪಿಎಲ್‌ನಲ್ಲಿ 2023ರಿಂದ ಟಾಸ್ ಹೊತ್ತಿಗೆ 11 ಜನರ ಜೊತೆ 5 ಬದಲಿ ಆಟಗಾರರ ಹೆಸರನ್ನೂ ಕೊಡುತ್ತಾರೆ. ಎರಡೂ ಕಡೆಯಿಂದ 32 ಹೆಸರು, ಅಂಪೈರ್‌ಗಳು, ರೆಫರಿ. ಟಾಸ್‌ನಿಂದ ಮೊದಲ ಎಸೆತಕ್ಕೆ ಅರ್ಧ ಗಂಟೆ ಇದೆ, ಅಷ್ಟರೊಳಗೆ ಕಾಪಿ ಎಡಿಟರ್ ಎಲ್ಲ ಹೆಸರನ್ನೂ ತೆರೆಗೆ ತರಿಸಿ ನೋಡಬೇಕು. ಮರಾಠಿ ಹೆಸರುಗಳ ಉಚ್ಚಾರದಲ್ಲಿ ಮುಂಬಯಿಯಲ್ಲಿ ಇರುವುದೇ ಲಾಭ. ಗಾಯಕವಾಡ, ರಹಾಣೆ, ತುಷಾರ್ ದೇಶಪಾಂಡೆ ಎಂಬುದನ್ನೆಲ್ಲ ಪಕ್ಕದ ಮೇಜಿನ ಮರಾಠಿ ಸಹೋದ್ಯೋಗಿಯಿಂದ ಒಂದು ಸಲ ಹೇಳಿಸಿ ಕೇಳಿದರೆ ಇಂಗ್ಲಿಷ್ ಕಾಗುಣಿತ ತರುವ ತಪ್ಪು ತಪ್ಪುತ್ತದೆ. ಅವರೂ ಪಡಿಕ್ಕಲ್, ಮನೋಹರ್ ಹೆಸರಿಗೆ ನಮ್ಮ ಬಳಿ ಬರುತ್ತಾರೆ.

ಜಾಹೀರಾತು ಬಿಡುವು ಸಂಸಾರ ನಡೆಸುವ ಭಾಗ. ಮಾರಾಟ 10 ಸೆಕೆಂಡಿನ ಲೆಕ್ಕದಲ್ಲಿ. ಅಂತರರಾಷ್ಟ್ರೀಯ ಸೀಮಿತ ಓವರ್ ಪಂದ್ಯಗಳಲ್ಲಿ ಓವರ್ ನಡುವೆ 60 ಸೆಕೆಂಡಿನ ಗಡಿಯಾರ ಓಡುತ್ತದೆ. ಅದರಲ್ಲಿ ಓವರಿನ ಕೊನೆಯ ಎಸೆತದ ರೀಪ್ಲೇ ತೋರಿಸಿ, ಮುಂದಿನ ಬೌಲರ್ ಓಟ ಶುರುಮಾಡುವ ಮುಂಚೆ ಮರಳಬೇಕೆಂದರೆ ಹತ್ತು ಸೆಕೆಂಡಿನ ನಾಲ್ಕು ಜಾಹೀರಾತು, ಅಂದರೆ ನಾಲ್ಕು ಸ್ಪಾಟ್ ನೆಮ್ಮದಿ, ಐದನೆಯದು ಸಾಹಸ. ಕೊನೆಯ ಸ್ಪಾಟನ್ನು ಯಾವಾಗ ಬೇಕಾದರೂ ಬಿಟ್ಟುಬಿಡಬಹುದಾದದ್ದು ಎಂದೇ ಪಟ್ಟಿಯಲ್ಲಿ ಗುರುತಿಸಿ, ಆಪರೇಟರ್ ಕೈಗೆ ‘ಪಂದ್ಯಕ್ಕೆ ವಾಪಸ್’ ಎಂಬ ಒಂದೇ ಗುಂಡಿ ಕೊಡಬೇಕು. ಮೇಲಿನವರನ್ನು ಕೇಳಿ ಒತ್ತುವ ಗುಂಡಿ ಆಗಬಾರದು ಅದು. ವಿಕೆಟ್ ಬಿದ್ದಾಗ ನೋಬಾಲ್ ಪರೀಕ್ಷೆ, ರಿವ್ಯೂ ಮುಗಿಯುವವರೆಗೆ ಬಿಡುವಿಗೆ ಹೋಗಲೇಬಾರದು. ಐಪಿಎಲ್‌ನ ಎರಡೂವರೆ ನಿಮಿಷದ ಟೈಮ್‌ಔಟ್‌ಗಳು ಮಾತ್ರ ನಿಶ್ಚಿಂತೆಯ ಜಾಗ. ಒಟ್ಟಾರೆ ಗಂಟೆಗೆ 12 ನಿಮಿಷದ ಮಿತಿ ಇದೆ, ಅದರಲ್ಲಿ ನಮ್ಮ ಸ್ವಂತ ಪ್ರೋಮೋಗಳೂ ಸೇರುತ್ತವೆ. ಫುಟ್‌ಬಾಲ್ ಮೇಲೆ ಹಣ ಹೂಡುವವರು 45 ನಿಮಿಷ ಬಿಡುವೇ ಇಲ್ಲ ಎಂಬುದನ್ನು ಮೊದಲೇ ಅರಗಿಸಿಕೊಂಡಿರಬೇಕು.

ಬೇರೆಯವರ ಫೀಡಿನ ಮೇಲೇ ಬದುಕಿದರೆ ಪ್ರಾದೇಶಿಕ ವಾಹಿನಿ ಎಂಬ ಹೆಸರು ಒಪ್ಪುವುದಿಲ್ಲ, ಸ್ಥಳೀಯ ಪಂದ್ಯಗಳನ್ನು ತಾವೇ ಚಿತ್ರೀಕರಿಸಬೇಕು. ಶುರುಮಾಡಲು ಕಬಡ್ಡಿಗಿಂತ ಒಳ್ಳೆಯದು ಇಲ್ಲ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ ಅಷ್ಟೇ, 6 ಕ್ಯಾಮೆರಾಗಳಲ್ಲಿ ಮುಗಿಯುತ್ತದೆ: ನಡುಗೆರೆಯ ನೇರಕ್ಕೆ ಎತ್ತರದಲ್ಲಿ ಎರಡು, ಎರಡೂ ತುದಿಯಲ್ಲಿ ನೆಲಮಟ್ಟದಲ್ಲಿ ಒಂದೊಂದು, ಬೋನಸ್ ಗೆರೆ ಕಾಣುವಂತೆ ಮೇಲಿನಿಂದ ಒಂದು, ಕೈಯಲ್ಲಿ ಹಿಡಿದು ಓಡಾಡುವುದು ಒಂದು. 30 ಸೆಕೆಂಡಿನ ರೈಡ್ ಗಡಿಯಾರ ಅಧಿಕಾರಿಗಳ ಮೇಜಿನದ್ದೇ ಆಗಿರಬೇಕು. ನಮ್ಮ ಆಪರೇಟರ್ ಬೇರೆಯಾಗಿ ಒತ್ತಿದರೆ ಅರ್ಧ ಸೆಕೆಂಡಿನ ವ್ಯತ್ಯಾಸಕ್ಕೆ ಜಗಳವಾಗುತ್ತದೆ. ಒಳಾಂಗಣದ ದೀಪಗಳು 50 ಹರ್ಟ್ಸ್ ವಿದ್ಯುತ್ತಿನಲ್ಲಿ ಮಿನುಗುತ್ತವೆ, ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟೆ ಕಾಣುವುದಿಲ್ಲ. ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಅದು ಸಾಲದು, ದೀಪವನ್ನೇ ಬದಲಿಸಬೇಕಾಗುತ್ತದೆ. ಸಿಮ್ ಕಾರ್ಡ್‌ಗಳನ್ನು ಒಟ್ಟುಗೂಡಿಸಿ ಚಿತ್ರ ಕಳಿಸುವ ಬ್ಯಾಗನ್ನು ಬೆಳಗ್ಗೆ ಖಾಲಿ ಮೈದಾನದಲ್ಲಿ ಪರೀಕ್ಷಿಸಿ ನೆಚ್ಚಿಕೊಳ್ಳಬೇಡಿ. ಸಂಜೆ ಐದು ಸಾವಿರ ಜನ ಅದೇ ಟವರಿಗೆ ಮೊಬೈಲ್ ಹಚ್ಚಿದಾಗ ಚಿತ್ರ ಚೂರುಚೂರಾಗುತ್ತದೆ. ಒಂದು ತಂತಿಯ ಲೈನ್ ಇರಲೇಬೇಕು, ಬ್ಯಾಗ್ ಬ್ಯಾಕಪ್ಪಿಗೆ ಮಾತ್ರ.

ಸದ್ದಿನ ಮಟ್ಟವನ್ನು ನಾವು, ಕಿವಿಗೆ ಕೇಳುವ ಜೋರಿನ ಅಳತೆಯಲ್ಲಿ, ಮೈನಸ್ 23 ಎಲ್‌ಯುಎಫ್‌ಎಸ್‌ಗೆ ಹಿಡಿಯುತ್ತೇವೆ. ಮಾತು ಜನರ ಸದ್ದಿಗಿಂತ ಆರೇಳು ಡೆಸಿಬಲ್ ಮೇಲೆ. ಜಾಹೀರಾತುಗಳನ್ನು ಒಳಗೆ ತೆಗೆದುಕೊಳ್ಳುವಾಗಲೇ ಅದೇ ಮಟ್ಟಕ್ಕೆ ತರದಿದ್ದರೆ ಪ್ರತಿ ಓವರಿಗೊಮ್ಮೆ ಮನೆಯವರು ರಿಮೋಟ್ ಹಿಡಿಯಬೇಕಾಗುತ್ತದೆ. ಕಾಮೆಂಟರಿಯನ್ನು ಎಡ ಬಲ ಎಂದು ಹಂಚಬೇಡಿ. ಕೆಲವು ಸಣ್ಣ ಕೇಬಲ್ ಜಾಲಗಳು ಎಡದ ಚಾನೆಲ್ ಒಂದನ್ನೇ ತೆಗೆದುಕೊಳ್ಳುತ್ತವೆ, ಅಲ್ಲಿ ಒಬ್ಬ ಕಾಮೆಂಟೇಟರ್ ಮಾಯವಾಗುತ್ತಾನೆ. ಬಾರ್ಕ್ ಅಳತೆಯ ವಾಟರ್‌ಮಾರ್ಕ್ ವಾಹಿನಿಯನ್ನು ಗುರುತಿಸಲು ಸದ್ದಿನೊಳಗೆ ಕೂರಿಸುವ, ಕಿವಿಗೆ ಕೇಳದ ಗುರುತು. ಮುಖ್ಯ ಮತ್ತು ಬ್ಯಾಕಪ್ ಎರಡೂ ಸಾಲಿನಲ್ಲಿ ಅದರ ಯಂತ್ರ ಬೇಕು, ಇಲ್ಲವಾದರೆ ಬ್ಯಾಕಪ್ ಮೇಲೆ ಓಡಿದ ಹೊತ್ತಿನ ನೋಡುಗರು ಲೆಕ್ಕಕ್ಕೇ ಸಿಗುವುದಿಲ್ಲ.

ಆಕಾಶದ ಕಡೆಗೆ ಎರಡು ಎಚ್ಚರಿಕೆ. ಉಪಗ್ರಹಕ್ಕೆ ಕಳಿಸುವ ಕೇಂದ್ರವಾದ ಟೆಲಿಪೋರ್ಟಿನಿಂದ ಸಿ ಬ್ಯಾಂಡ್ ಎಂಬ ತರಂಗಗಳಲ್ಲಿ ಹೋಗುವ ಸಿಗ್ನಲ್ ಮುಂಬಯಿ ಮಳೆಗೆ ಅಷ್ಟಾಗಿ ಬಗ್ಗದು, ಮನೆಯ ಡಿಶ್‌ನ ಕೆಯು ಬ್ಯಾಂಡ್ ಜೋರು ಮಳೆಗೆ ಬಿದ್ದೇ ಬೀಳುತ್ತದೆ. ಕರಾವಳಿಯಿಂದ ದೂರು ಬಂದಾಗ ಮೊದಲು ಮಳೆ ಕೇಳಿ, ಆಮೇಲೆ ಯಂತ್ರ ನೋಡಿ. ಎರಡನೆಯದು ಸೂರ್ಯ. ಮಾರ್ಚಿನ ಮೊದಲ ಭಾಗದಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ, ಆಂಟೆನಾ ಕೆಲವು ನಿಮಿಷ ಕುರುಡಾಗುತ್ತದೆ. ಯಾವ ಆಂಟೆನಾಕ್ಕೆ ಯಾವ ನಿಮಿಷ ಎಂದು ಮೊದಲೇ ಲೆಕ್ಕ ಹಾಕಬಹುದು. ಹಗಲಿನ ಪಂದ್ಯವಿದ್ದರೆ ಆ ನಿಮಿಷಗಳಿಗೆ ಫೈಬರ್ ಲೈನಿಗೆ ದಾಟಿಕೊಂಡಿರಬೇಕು.

ಶುರುವಾಗುವ ಮುಂಚೆ ಹಳೆಯ ಪಂದ್ಯವೊಂದನ್ನು ನೇರ ಪ್ರಸಾರದಂತೆಯೇ ಪೂರ್ತಿ ಓಡಿಸಿ ತಾಲೀಮು ಮಾಡಬೇಕು, ಜಾಹೀರಾತು, ಟಾಸ್, ಮಳೆ ಬಿಡುವು ಎಲ್ಲ ಸೇರಿ. ನಡುವೆ ಹೇಳದೆ ಕೇಳದೆ ಮುಖ್ಯ ಲೈನ್ ಎಳೆದುಬಿಡಿ, ಡೇಟಾ ನಿಲ್ಲಿಸಿ, ಬೂತಿನ ವಿದ್ಯುತ್ ತೆಗೆಯಿರಿ. ಜನರೇಟರ್ ಹಿಡಿದುಕೊಳ್ಳುವ ಹತ್ತು ಹದಿನೈದು ಸೆಕೆಂಡು ಯುಪಿಎಸ್ ಬೂತಿನ ಮಾನಿಟರನ್ನೂ ಹೊರುತ್ತದೆಯೇ ಎಂಬುದು ಆಗಲೇ ತಿಳಿಯುವುದು. ರ‍್ಯಾಕ್‌ಗೆ ಮಾತ್ರ ಯುಪಿಎಸ್ ಕೊಟ್ಟು ಬೂತಿನ ಪರದೆಯನ್ನು ಮರೆಯುವುದು ತುಂಬ ಸಾಮಾನ್ಯ.

ಪ್ರಸಾರ ಶುರುವಾದ ಮೇಲಿನ ಕೆಲಸ ಊರೂರಿನ ಮನೆಗಳಲ್ಲಿ. ಎಂಸಿಆರ್‌ನಲ್ಲಿ ಕಾಣುವುದು ಬೇರೆ, ಮನೆಯ ಬಾಕ್ಸಿನಲ್ಲಿ ಕಾಣುವುದು ಬೇರೆ. ಕರ್ನಾಟಕದ ಪ್ಯಾಕಿನಲ್ಲಿ ವಾಹಿನಿ ಇದ್ದ ಮಾತ್ರಕ್ಕೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿಗಾಗಲಿ ಡೊಂಬಿವಲಿಯ ಕನ್ನಡ ಮನೆಗಳಿಗಾಗಲಿ ಸಿಗುತ್ತದೆ ಎಂದಲ್ಲ. ಮಹಾರಾಷ್ಟ್ರದ ಪ್ಯಾಕುಗಳಲ್ಲಿ ಅದನ್ನು ಬಿಡಿಯಾಗಿ ಕೇಳಿ ಹಾಕಿಸಿಕೊಳ್ಳಬೇಕಾಗುತ್ತದೆ, ಅದರ ಸಂಖ್ಯೆ ಮತ್ತು ಬೆಲೆಯನ್ನು ವಾಹಿನಿಯೇ ತೆರೆಯ ಮೇಲೆ ಹೇಳಬೇಕು. ಬೇರೆಬೇರೆ ಊರಿನ, ಬೇರೆಬೇರೆ ಆಪರೇಟರ್‌ನ, ಎಸ್‌ಡಿ ಮತ್ತು ಎಚ್‌ಡಿ ಎರಡೂ ಬಗೆಯ ಹತ್ತು ಮನೆಗಳನ್ನು ಗೊತ್ತುಮಾಡಿಕೊಂಡು ಪ್ರತಿ ದೊಡ್ಡ ಪಂದ್ಯದ ದಿನ ಇಷ್ಟನ್ನು ತರಿಸಿಕೊಳ್ಳಿ: ಯಾವ ಸಂಖ್ಯೆಯಲ್ಲಿ ಬರುತ್ತಿದೆ, ಹೆಸರು ಕನ್ನಡದಲ್ಲಿ ಸರಿಯಾಗಿ ಕಾಣುತ್ತಿದೆಯೇ, ಪಕ್ಕದ ವಾಹಿನಿಗಿಂತ ಸದ್ದು ಏರಿದೆಯೋ ಇಳಿದಿದೆಯೋ, ಇಬ್ಬರೂ ಕಾಮೆಂಟೇಟರ್‌ಗಳು ಕೇಳುತ್ತಿದ್ದಾರೆಯೇ, ಸ್ಕೋರ್ ಪಟ್ಟಿಯ ಅಂಚು ಕತ್ತರಿಸಿದೆಯೇ. ಮೊಬೈಲಿನಲ್ಲಿ ತೆಗೆದ ಹತ್ತು ಸೆಕೆಂಡಿನ ವಿಡಿಯೋ ಸಾಕು. ಅದು ಪಂದ್ಯದ ಮೊದಲ ಆರು ಓವರಿನೊಳಗೆ ಬಂದರೆ ಆಪರೇಟರ್‌ಗೆ ಫೋನ್ ಮಾಡಿ ಅದೇ ಇನಿಂಗ್ಸ್‌ನಲ್ಲಿ ಸರಿಪಡಿಸಬಹುದು.